ಹೊರಗಣ ಕ್ಯಾಮರಾಕ್ಕೆ ಮನೆಯೊಳಗಿನ ವಿದ್ಯುತ್ತು

ಬೇಸಿಗೆಯ ರಜೆಯಲ್ಲೋ ದಸರೆಯಲ್ಲೋ ಮನೆಗೆ ಬೀಗ ಹಾಕಿ ತವರುನಾಡಿಗೆ ಹೊರಡುವುದು ವಿಶಾಖಪಟ್ಟಣ, ವಿಜಯವಾಡಗಳ ಕನ್ನಡ ಕುಟುಂಬಗಳಲ್ಲಿ ರೂಢಿ. ಹೀಗೆ ಬೀಗ ಹಾಕಿದ ಮನೆಗಳ ಕಾವಲಿಗೆಂದು, ಕೋರಿದವರಲ್ಲಿ ಕ್ಯಾಮರಾ ಇರಿಸುವ ಯೋಜನೆಯನ್ನು ಆಂಧ್ರಪ್ರದೇಶದ ಪೊಲೀಸರು ಕೈಗೊಂಡುದುಂಟು. ಸ್ವಂತ ಖರ್ಚಿನಲ್ಲಿಯೇ ಹೊರಗೋಡೆಗೆ ‘ವೈರ್‌ಲೆಸ್’ ಕ್ಯಾಮರಾ ಕೂರಿಸುವವರೂ ಅನೇಕರಿದ್ದಾರೆ. ಆದರೆ ಇಲ್ಲಿ ತಂತಿಯ ಹಂಗಿಲ್ಲದುದು ಚಿತ್ರಕ್ಕೆ ಮಾತ್ರ. ಬ್ಯಾಟರಿ ಅಥವಾ ಸೌರಫಲಕದ ಮಾದರಿಗಳನ್ನು ಬಿಟ್ಟರೆ, ಉಳಿದವುಗಳಿಗೆ ವಿದ್ಯುತ್ತಿನ ತಂತಿ ಬೇಕೇ ಬೇಕು.

ಮನೆಯ ವಿದ್ಯುತ್ತು 230 ವೋಲ್ಟಿನದು. ಕ್ಯಾಮರಾ ಬೇಡುವುದು ಸಾಮಾನ್ಯವಾಗಿ 5 ಅಥವಾ 12 ವೋಲ್ಟಿನ ಡಿ.ಸಿ. ವಿದ್ಯುತ್ತನ್ನು. ಈ ಪರಿವರ್ತನೆಯನ್ನು ಅಡಾಪ್ಟರ್ ಮಾಡುತ್ತದೆ. ಖರ್ಚು ಅಲ್ಪವೇ: 6 ವಾಟಿನ ಕ್ಯಾಮರಾ ಹಗಲಿರುಳು ನಡೆದರೂ 30 ದಿನಗಳಿಗೆ ತಗಲುವುದು 4.32 ಯೂನಿಟ್.

ಹತ್ತಿರವಿದೆಯೆಂದು ವರಾಂಡದ ದೀಪದ ತಂತಿಗೇ ಜೋಡಿಸಿದರೆ ಒಂದು ತೊಡಕುಂಟು. ದೀಪದ ಸ್ವಿಚ್ ಆರಿಸಿದೊಡನೆ ಕ್ಯಾಮರಾವೂ ಕಣ್ಣು ಮುಚ್ಚುತ್ತದೆ. ಕರೆಗಂಟೆಯ ತಂತಿಯಂತೂ ಇನ್ನೂ ಅಪಾಯಕರ. ಹೊರದೇಶಗಳಲ್ಲಿ ಅದು ಬಹುಮಟ್ಟಿಗೆ ಕಡಿಮೆ ವೋಲ್ಟಿನದು. ನಮ್ಮ ಮನೆಗಳ ಸಾಮಾನ್ಯ ಕರೆಗಂಟೆಯ ಗುಂಡಿಯಲ್ಲಿ ಇರುವುದು 230 ವೋಲ್ಟ್. ವಿದೇಶೀ ಸೂಚನೆಯನ್ನು ನಂಬಿ ಅದನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಒಳಗಿನ ಸ್ವಿಚ್‌ಬೋರ್ಡಿನಲ್ಲಿ, ದೀಪದ ಸ್ವಿಚ್ಚಿಗೆ ಒಳಪಡದಂತೆ, ಪ್ರತ್ಯೇಕ ಸಾಕೆಟ್ ಪಡೆದು ಅಡಾಪ್ಟರನ್ನು ಅಲ್ಲಿಯೇ ಇರಿಸುವುದು ಉತ್ತಮ. ಗೋಡೆಯ ರಂಧ್ರದ ಮೂಲಕ ಹೊರಹೋಗುವುದು ಕಡಿಮೆ ವೋಲ್ಟಿನ ತಂತಿ ಮಾತ್ರ. ರಂಧ್ರವು ಹೊರಮುಖವಾಗಿ ತುಸು ಇಳಿಜಾರಿರಲಿ. ತಂತಿಯು ಕೆಳಗೆ ಬಾಗಿ ಮೇಲೇರಿ ಒಳಬರಲಿ. ಮಳೆನೀರು ಬಾಗಿನಲ್ಲಿಯೇ ತೊಟ್ಟಿಕ್ಕುವುದು. ವಿಶಾಖಪಟ್ಟಣದ ಉಪ್ಪುಗಾಳಿಗೆ ಲೋಹದ ಜೋಡಣೆಗಳು ಬೇಗ ತುಕ್ಕು ಹಿಡಿಯುವುದರಿಂದ ಅವು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿರಬೇಕು.

ತಂತಿಯ ಉದ್ದವನ್ನೂ ಗಮನಿಸಬೇಕು. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ಜೋಡಿ ತಂತಿಯಲ್ಲಿ 1 ಆಂಪಿಯರ್ ಹರಿದರೆ, 10 ಮೀಟರ್ ದೂರಕ್ಕೆ ಸುಮಾರು 0.7 ವೋಲ್ಟ್ ನಷ್ಟವಾಗುತ್ತದೆ. 5 ವೋಲ್ಟಿನ ಕ್ಯಾಮರಾ ಇದರಿಂದ ಪದೇ ಪದೇ ನಿಂತುಹೋಗಬಹುದು. ದೂರ ಹೆಚ್ಚಿದ್ದರೆ 12 ವೋಲ್ಟಿನ ಮಾದರಿಯೇ ಲೇಸು.

ಕರೆಂಟು ಹೋದಾಗ ಏನು ಗತಿ? 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದಾಗ ವಿಶಾಖಪಟ್ಟಣವು ದಿನಗಟ್ಟಲೆ ಕತ್ತಲಲ್ಲಿತ್ತು. ಅಂಥ ವಿಪತ್ತಿಗೆ ಇನ್ವರ್ಟರ್ ಸಾಲದು. ಕೆಲವು ಗಂಟೆಗಳ ಕಡಿತಕ್ಕೆ ಸಾಕು. ಆದರೆ ಕ್ಯಾಮರಾದೊಡನೆ ವೈ-ಫೈ ರೂಟರನ್ನೂ ಇನ್ವರ್ಟರಿಗೆ ಸೇರಿಸದಿದ್ದರೆ ದೂರದಿಂದ ನೋಡುವ ಅನುಕೂಲ ತಪ್ಪುತ್ತದೆ. ವಿಜಯವಾಡದಲ್ಲಿ 2024ರ ಸೆಪ್ಟೆಂಬರಿನ ಬುಡಮೇರು ಪ್ರವಾಹವನ್ನು ಕಂಡವರಿಗೆ ಸಾಕೆಟ್ಟು ನೆಲದಿಂದ ಎತ್ತರದಲ್ಲಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

230 ವೋಲ್ಟಿನ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನಿಗೇ, ಮುಖ್ಯ ಸ್ವಿಚ್ ಆರಿಸಿದ ಬಳಿಕವೇ, ವಹಿಸಬೇಕು. ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಮನೆಯಲ್ಲಿ ಇಲ್ಲವಾದರೆ ಮೊದಲು ಅದನ್ನು ಹಾಕಿಸುವುದು ಒಳಿತು. ಬಾಡಿಗೆದಾರರು ಮಾಲೀಕರ ಒಪ್ಪಿಗೆ ಪಡೆಯಬೇಕು. ಕ್ಯಾಮರಾದ ನೋಟ ನೆರೆಯವರ ಬಾಗಿಲಿಗೆ ತಾಗದಿರಲಿ. ಊರಿನಿಂದ ಮರಳುವವರೆಗೆ ಮನೆಯನ್ನು ಮೊದಲು ಕಾಯುವವರು ಆ ನೆರೆಯವರೇ ಅಲ್ಲವೆ?