ಚನ್ನಪಟ್ಟಣದ ಗಿಲಕಿ ಯುರೋಪಿಗೆ ಹೋಗೋದು ಹೇಗೆ?

ಲೇತ್ ಮೇಲೆ ಹಾಲೆ ಮರದ ತುಂಡು ತಿರುಗ್ತಿದೆ. ಬಣ್ಣದ ಅರಗು ಒತ್ತಿದ್ರೆ ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಹತ್ತುತ್ತೆ. ಚನ್ನಪಟ್ಟಣದ ಗಿಲಕಿ ರೆಡಿ. ಆದ್ರೆ ಇದು ಜರ್ಮನಿಯ ಅಂಗಡಿ ಸೇರೋದು ಹೇಗೆ?

ಮೊದಲು ಬೇಕಾದ್ದು ಐಇಸಿ, ಅಂದ್ರೆ ಆಮದು-ರಫ್ತು ಕೋಡ್. ಆನ್‌ಲೈನ್ ಅರ್ಜಿ, 500 ರೂಪಾಯಿ ಶುಲ್ಕ. ಇದು ಸುಲಭ.

ಕಷ್ಟ ಇರೋದು ಇಎನ್ 71ರಲ್ಲಿ. ಇದು ಯುರೋಪಿನ ಆಟಿಕೆ ಸುರಕ್ಷತಾ ಮಾನದಂಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿದ ಚೂರು 31.7 ಮಿಲಿಮೀಟರ್ ವ್ಯಾಸದ ಸಿಲಿಂಡರ್ ಒಳಗೆ ಪೂರ್ತಿ ಕೂತ್ರೆ ಫೇಲ್; ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಮಿತಿ ಮೀರಿದ್ರೂ ಫೇಲ್. ಅರಿಶಿನದಂಥ ಸಸ್ಯಮೂಲದ ಬಣ್ಣ ಇಲ್ಲಿ ಕೈಹಿಡಿಯುತ್ತೆ, ಆದ್ರೂ ಲ್ಯಾಬ್ ವರದಿ ಬೇಕೇ ಬೇಕು. "ಅಜ್ಜನ ಕಾಲದಿಂದ ಹೀಗೇ ಮಾಡ್ತಿದೀವಿ ಸಾರ್" ಅಂದ್ರೆ ಅಲ್ಲಿ ಯಾರೂ ಕೇಳಲ್ಲ!

ಚನ್ನಪಟ್ಟಣದ ಆಟಿಕೆಗೆ ಜಿಐ ಟ್ಯಾಗ್, ಅಂದ್ರೆ ಭೌಗೋಳಿಕ ಸೂಚಕ ಇದೆಯಲ್ಲ ಅಂತೀರಾ? ಅದು ಹೆಸರನ್ನ ಕಾಯುತ್ತೆ, ಗಿರಾಕಿಯನ್ನ ಕರ್ಕೊಂಡು ಬರಲ್ಲ.

ಪರೀಕ್ಷೆಯ ಖರ್ಚು ಒಬ್ಬ ಕುಶಲಕರ್ಮಿಗೆ ಭಾರ. ರಫ್ತು ಸಂಸ್ಥೆಗೆ ಮಾಡಿಕೊಟ್ರೆ ಆ ತಲೆನೋವು ಅವರದ್ದು, ಲಾಭದ ದೊಡ್ಡ ಪಾಲೂ ಅವರದ್ದೇ.

ನೇರವಾಗಿ ಕಳಿಸ್ತೀರಾ? ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ, ಅಂದ್ರೆ ಅಂಚೆ ಕಚೇರಿಯ ರಫ್ತು ಕೇಂದ್ರ ಇದೆ. ಕಂಟೇನರ್ ತುಂಬೋ ಗೊಡವೆ ಇಲ್ಲ. ಹೊಸ ಗಿರಾಕಿಯಾದ್ರೆ ಮಾತ್ರ ದುಡ್ಡು ಬಂದ್ಮೇಲೇ ಪಾರ್ಸೆಲ್ ಕಟ್ಟಿ.