1943ರ ಹಿಟ್ ಹಾಡುಗಳು ಮತ್ತು ಬೀಳಗಿಯ ದನಿ

1943ರಲ್ಲಿ ಹಿಂದಿ ಸಿನಿಮಾ ಹಾಡುಗಳ ಪೈಕಿ ದೇಶದ ಉದ್ದಗಲಕ್ಕೂ ಜನರ ಬಾಯಲ್ಲಿ ನಲಿದಾಡಿದವು ‘ಕಿಸ್ಮತ್’ ಚಿತ್ರದ ಹಾಡುಗಳು. ಬಾಂಬೆ ಟಾಕೀಸ್ ತಯಾರಿಸಿದ ಈ ಚಿತ್ರದ ನಿರ್ದೇಶಕ ಗ್ಯಾನ್ ಮುಖರ್ಜಿ, ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಹಾಡುಗಳನ್ನು ಬರೆದವರು ಕವಿ ಪ್ರದೀಪ್, ರಾಗ ಕೂಡಿಸಿದವರು ಅನಿಲ್ ಬಿಸ್ವಾಸ್. ಒಂದೆರಡು ಬಿಟ್ಟರೆ ಅದರ ಹೆಸರಾದ ಹಾಡುಗಳಲ್ಲೆಲ್ಲ ಕೇಳುವ ಹೆಣ್ಣು ದನಿ ಅಮೀರಬಾಯಿ ಕರ್ನಾಟಕಿ ಅವರದು. ಅವರು ಹುಟ್ಟಿದ ಊರು ಬೀಳಗಿ. ಆಗ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲಿತ್ತು, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಆ ಕಾಲದ ಈ ಸೀಮೆ ಒಂದೇ ಆಡಳಿತದ್ದಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಮಾತ್ರ ನೇರವಾಗಿ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಆಡಳಿತದಲ್ಲಿತ್ತು. ಮನೆಯಲ್ಲಿ ಕನ್ನಡ ಅಥವಾ ದಖನಿ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎಲ್ಲವೂ. ಊರೂರು ತಿರುಗುವ ಕನ್ನಡ ಕಂಪನಿಗಳು ಬಂದಂತೆ ಮರಾಠಿ ಸಂಗೀತ ನಾಟಕದ ಮಂಡಳಿಗಳೂ ಈ ಕಡೆ ಬರುತ್ತಿದ್ದವು. ಕನ್ನಡದ ಮಾತು, ಹಿಂದುಸ್ತಾನಿ ರಾಗ, ಮರಾಠಿ ನಾಟ್ಯಗೀತೆಯ ಮಟ್ಟು, ಉರ್ದು ಗಜಲಿನ ಒಯ್ಯಾರ ಇವೆಲ್ಲ ಒಂದೇ ಕಿವಿಗೆ ಬೀಳುತ್ತಿದ್ದ ನೆಲ ಇದು. ಮುಂಬಯಿಯ ಸ್ಟುಡಿಯೋಗಳು ಹಿಂದಿಯಲ್ಲಿ ಹಾಡುವವರನ್ನು ಹುಡುಕತೊಡಗಿದಾಗ ಕೃಷ್ಣಾ ತೀರದ ಹುಡುಗಿಯೊಬ್ಬಳಿಗೆ ಅಲ್ಲಿ ಜಾಗ ಸಿಕ್ಕಿದ್ದರ ಹಿಂದೆ ಅದೃಷ್ಟಕ್ಕಿಂತ ಈ ಕಿವಿಯ ಪಾಲೇ ದೊಡ್ಡದು.

ಐವರು ಅಕ್ಕತಂಗಿಯರಿದ್ದ ಆ ಮನೆಯಿಂದ ಹೆಸರು ಮಾಡಿದವರು ಇಬ್ಬರು. ಗೋಹರಬಾಯಿ ಕರ್ನಾಟಕಿ ನಟಿಯೂ ಗಾಯಕಿಯೂ ಆಗಿದ್ದರು; ಮುಂದೆ ಮರಾಠಿ ರಂಗಭೂಮಿಯ ದಂತಕತೆ ಬಾಲಗಂಧರ್ವರ ಮಂಡಳಿ ಸೇರಿ, 1951ರಲ್ಲಿ ಅವರನ್ನೇ ಮದುವೆಯಾದರು. ಅಮೀರಬಾಯಿ 1934ರ ‘ವಿಷ್ಣು ಭಕ್ತಿ’ ಚಿತ್ರದಿಂದ ತೆರೆಗೆ ಬಂದರು. ಸುಮಾರು ಒಂಬತ್ತು ವರ್ಷ ನಟಿಸುತ್ತ ಹಾಡುತ್ತ ಕಳೆದರೂ ದೊಡ್ಡ ಹೆಸರು ಬರಲಿಲ್ಲ. ‘ಕಿಸ್ಮತ್’ ತೆರೆಕಂಡಿದ್ದೇ ತಡ, ಅವರ ಹಣೆಬರಹ ಬದಲಾಯಿತು.

ಚಿತ್ರ ಬಂದದ್ದು 1943ರ ಜನವರಿಯಲ್ಲಿ. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ; ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದರು. ಚಿತ್ರದೊಳಗಿನ ನಾಟಕದ ರಂಗದ ಮೇಲೆ ಒಂದು ಹಾಡು ಬರುತ್ತದೆ, ಜನ ಅದನ್ನು ‘ದೂರ್ ಹಟೋ’ ಎಂದೇ ಗುರುತಿಸುತ್ತಾರೆ. ಹಾಡಿದವರು ಅಮೀರಬಾಯಿ ಮತ್ತು ಖಾನ್ ಮಸ್ತಾನಾ, ಹಿಂದೆ ಕೋರಸ್. ಹಿಂದುಸ್ತಾನ ನಮ್ಮದು, ಪರಕೀಯರೇ ದೂರ ಸರಿಯಿರಿ ಎನ್ನುವುದು ಅದರ ತಿರುಳು. ಬ್ರಿಟಿಷ್ ಸೆನ್ಸಾರ್ ಕಣ್ಣಿಂದ ಇದು ಪಾರಾದ ಬಗೆ ಸ್ವಾರಸ್ಯಕರ. ಪ್ರದೀಪರು ಸಾಲುಗಳ ನಡುವೆ ಜರ್ಮನಿ, ಜಪಾನಿನ ಹೆಸರು ಇಟ್ಟಿದ್ದರು. ಮಹಾಯುದ್ಧದಲ್ಲಿ ಇವರಿಬ್ಬರೂ ಬ್ರಿಟಿಷರ ವೈರಿಗಳಾದ್ದರಿಂದ ಕಾಗದದ ಮೇಲೆ ಅದು ಯುದ್ಧಪ್ರಚಾರದ ಹಾಡು. ಟಾಕೀಸಿನಲ್ಲಿ ಕೂತವರಿಗೆ ದೂರ ಸರಿಯಬೇಕಾದವರು ಯಾರೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಡು ಮುಗಿದರೆ ಒನ್ಸ್ ಮೋರ್ ಕೂಗು ಏಳುತ್ತಿತ್ತು. ಪ್ರೊಜೆಕ್ಟರ್ ನಿಲ್ಲಿಸಿ, ರೀಲನ್ನು ಹಿಂದಕ್ಕೆ ಸುತ್ತಿ, ಅದೇ ಹಾಡನ್ನು ಮತ್ತೆ ತೋರಿಸಿದ ಮೇಲೆಯೇ ಕತೆ ಮುಂದುವರಿಯಬೇಕು. ಸರ್ಕಾರಕ್ಕೆ ತಡವಾಗಿ ಅರ್ಥವಾಯಿತು. ಬಂಧನದ ಭಯದಿಂದ ಪ್ರದೀಪರು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು.

ಚರಿತ್ರೆಯ ಪುಸ್ತಕಗಳಲ್ಲಿ ‘ದೂರ್ ಹಟೋ’ ಉಳಿದಿದೆ, ಸರಿಯೇ. ಹಾಡುಗಾರಿಕೆಯ ಮಾತು ಬಂದರೆ ಅದೇ ಚಿತ್ರದ ಬೇರೆ ಹಾಡುಗಳು ಮೇಲು. ಅಶೋಕ್ ಕುಮಾರ್ ಜೊತೆ ಹಾಡಿದ ‘ಧೀರೇ ಧೀರೇ’ ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಜೋಗುಳದಂಥ ಹಾಡು. ಊರಿಗೆಲ್ಲ ದೀಪಾವಳಿ, ತನ್ನ ಮನೆಗೆ ಮಾತ್ರ ಕತ್ತಲು ಎನ್ನುವ ಇನ್ನೊಂದು ಹಾಡಿದೆ. ಕೃಷ್ಣನನ್ನು ಬಿಟ್ಟರೆ ತನಗಾರೂ ಇಲ್ಲ ಎನ್ನುವ ಭಜನೆಯೂ ಇದೆ. ಇವುಗಳಲ್ಲಿ ಅಮೀರಬಾಯಿ ಎಲ್ಲೂ ಗಂಟಲು ಏರಿಸಿ ಅಳುವುದಿಲ್ಲ. ಮಾತು ಬಿಡಿಬಿಡಿಯಾಗಿ, ತೂಕವಾಗಿ ಬರುತ್ತದೆ. ಸಾಲಿನ ಕೊನೆಯಲ್ಲಿ ಚಿಕ್ಕದೊಂದು ಮುರ್ಕಿ ಹಾಕಿ ಬಿಟ್ಟುಬಿಡುತ್ತಾರೆ. ಹಿನ್ನೆಲೆ ಗಾಯನ ಆಗಿನ್ನೂ ಎಳೆಯದು, 1935ರ ಸುಮಾರಿಗೆ ಬಂದದ್ದು. ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುಗಿಸಬೇಕು. ನಡುವೆ ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಆ ಹಾಡುಗಳಲ್ಲಿ ಕೇಳುವ ಬಿಗಿಗೆ ಇದೂ ಒಂದು ಕಾರಣ.

ಆಗ ಹಿಟ್ ಅಂತ ಯಾರು ನಿರ್ಧರಿಸುತ್ತಿದ್ದರು? ವರ್ಷದ ಪಟ್ಟಿ ಎಂಬುದೇ ಇರಲಿಲ್ಲ. ಒಂದು ಅಳತೆ ಚಿತ್ರ ಎಷ್ಟು ವಾರ ಓಡಿತೆಂಬುದು: ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿಯಲ್ಲಿ 187 ವಾರ, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು ಓಡಿತು. ಈ ದಾಖಲೆ ‘ಶೋಲೆ’ ಬರುವ ತನಕ ಮುರಿಯಲಿಲ್ಲ. ಇನ್ನೊಂದು ಅಳತೆ ಗ್ರಾಮಾಫೋನ್ ಪ್ಲೇಟು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷ ಹಿಡಿಸುತ್ತಿತ್ತು. ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು, ಹಾಡು ಮುಗಿದೊಡನೆ ಮಗ್ಗುಲು ತಿರುವಿ ಹಾಕಬೇಕು. ಊರಿನ ಒಂದೆರಡು ಮನೆಗಳಲ್ಲಿ, ಕೆಲವು ಹೋಟೆಲುಗಳಲ್ಲಿ ಪೆಟ್ಟಿಗೆ ಇರುತ್ತಿತ್ತು; ಉಳಿದವರು ಕಟ್ಟೆಯ ಮೇಲೆ ಕೂತು ಕೇಳುವವರು. ಮೂರನೆಯ ಅಳತೆ ಮದುವೆಯ ಬ್ಯಾಂಡು. 1944ರ ‘ರತನ್’ ಚಿತ್ರದ ಬಗ್ಗೆ ಸಂಗೀತ ನಿರ್ದೇಶಕ ನೌಷಾದರೇ ಹೇಳುತ್ತಿದ್ದ ಕತೆಯೊಂದಿದೆ: ಸಂಗೀತದವನೆಂದರೆ ಹೆಣ್ಣು ಸಿಗುವುದಿಲ್ಲವೆಂದು ಮನೆಯವರು ಅವರನ್ನು ದರ್ಜಿ ಎಂದು ಹೇಳಿ ಮದುವೆ ಗೊತ್ತುಮಾಡಿದ್ದರು, ಮೆರವಣಿಗೆಯಲ್ಲಿ ಬ್ಯಾಂಡಿನವರು ನುಡಿಸಿದ್ದು ‘ರತನ್’ ಹಾಡುಗಳನ್ನೇ. ಆ ಚಿತ್ರದಲ್ಲಿ ಜೋಹ್ರಾಬಾಯಿ ಅಂಬಾಲೇವಾಲಿ ಅವರ ಜೊತೆಗೆ ಅಮೀರಬಾಯಿಯೂ ಹಾಡಿದ್ದಾರೆ. ಇವತ್ತು ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಯಾವ ಜಾನಪದ ಹಾಡು ಮೊಳಗುತ್ತದೆ ಎಂಬುದರ ಮೇಲೆ ಹಿಟ್ ಗೊತ್ತಾಗುವುದೂ ಹೆಚ್ಚುಕಡಿಮೆ ಇದೇ ಲೆಕ್ಕ.

1943ರಲ್ಲಿ ‘ಕಿಸ್ಮತ್’ಗೆ ಪೈಪೋಟಿ ಇರಲಿಲ್ಲವೆಂದಲ್ಲ. ಸೈಗಲ್ ಮತ್ತು ಖುರ್ಷೀದ್ ಹಾಡಿದ ‘ತಾನ್‌ಸೇನ್’ ಅದೇ ವರ್ಷದ್ದು. ಗಾಂಧೀಜಿ ನೋಡಿದ ಚಿತ್ರವೆಂದು ಹೆಸರಾದ ‘ರಾಮ್ ರಾಜ್ಯ’ವೂ ಅದೇ ವರ್ಷದ್ದು, ಅದರಲ್ಲಿ ಸರಸ್ವತಿ ರಾಣೆ ಹಾಡಿದ ವೀಣೆಯ ಹಾಡು ಮನೆಮಾತಾಗಿತ್ತು. ಸರಸ್ವತಿ ರಾಣೆ ಅಬ್ದುಲ್ ಕರೀಮ್ ಖಾನರ ಮಗಳು; ಖಾನರು ಧಾರವಾಡ, ಮೀರಜ್ ಸೀಮೆಗೆ ಹಿಂದುಸ್ತಾನಿ ಸಂಗೀತದ ಹುಚ್ಚು ಹಿಡಿಸಿದವರು.

ಅಮೀರಬಾಯಿಯ ಉಚ್ಛ್ರಾಯ ನಾಲ್ಕೈದು ವರ್ಷದ್ದು. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಸುಖ ಕೊಡಲಿಲ್ಲ. 1948ರ ‘ಶೆಹನಾಜ್’ ಚಿತ್ರಕ್ಕೆ ಅವರೇ ಸಂಗೀತ ಕೊಟ್ಟರು. ಸಂಗೀತ ನಿರ್ದೇಶಕಿ ಎಂದರೆ ಹಿಂದಿ ಚಿತ್ರರಂಗದಲ್ಲಿ ಇಂದಿಗೂ ಅಪರೂಪ. 1949ರಲ್ಲಿ ‘ಮಹಲ್’, ‘ಬರಸಾತ್’ ಬಂದವು, ಲತಾ ಮಂಗೇಶ್ಕರ್ ಯುಗ ಶುರುವಾಯಿತು. ತೆಳ್ಳನೆಯ ಎತ್ತರದ ದನಿಗೆ ಕಿವಿಗೊಟ್ಟ ಕೇಳುಗರಿಗೆ ಹಿಂದಿನ ತುಂಬುದನಿ ಹಳೆಯದಾಗಿ ಕಂಡಿತು. ರೇಡಿಯೋ ಸಿಲೋನ್‌ನ ಬಿನಾಕಾ ಗೀತಮಾಲಾ ಆರಂಭವಾದದ್ದು 1952ರ ಡಿಸೆಂಬರಿನಲ್ಲಿ. ಅಮೀನ್ ಸಯಾನಿ ಓದುತ್ತಿದ್ದ ಅದರ ವಾರ್ಷಿಕ ಪಟ್ಟಿಗಳೇ ಇವತ್ತಿಗೂ ವರ್ಷದ ಹಿಟ್ ಹಾಡುಗಳಿಗೆ ಆಧಾರ. ಅವು 1953ರಿಂದ ಶುರುವಾಗುವುದರಿಂದ ‘ಕಿಸ್ಮತ್’ನ ಒಂದು ಹಾಡೂ ಅವುಗಳಲ್ಲಿಲ್ಲ. ಆ ಪಟ್ಟಿಗಳನ್ನೇ ನೆಚ್ಚಿ ಬರೆದ ಹಿಟ್ ಹಾಡುಗಳ ಚರಿತ್ರೆ ಬೀಳಗಿಯ ಪಾಲಿಗೆ ಅರ್ಧ ಚರಿತ್ರೆ.

ಅಮೀರಬಾಯಿ 1965ರ ಮಾರ್ಚ್ 3ರಂದು ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದು. ರಹಮತ್ ತರೀಕೆರೆಯವರು ಅಮೀರಬಾಯಿಯ ಬದುಕನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ‘ಕಿಸ್ಮತ್’ ಹಾಡುಗಳು ಇಂದು ಯಾರ ಫೋನಿನಲ್ಲಾದರೂ ಸಿಗುತ್ತವೆ; ಕೇಳುವವರು ‘ದೂರ್ ಹಟೋ’ವನ್ನು ಕೊನೆಗಿಟ್ಟು ಕೃಷ್ಣನ ಭಜನೆಯಿಂದ ಶುರುಮಾಡುವುದು ಒಳ್ಳೆಯದು.