ಆಫ್-ರೋಡ್ ಪ್ಯಾಕೇಜಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಅಮೆರಿಕದಲ್ಲಿ ಪಿಕಪ್ ಟ್ರಕ್ ಕೊಳ್ಳಲು ಹೋದವರಿಗೆ ಡೀಲರು ಆಫ್-ರೋಡ್ ಪ್ಯಾಕೇಜಿನ ಆಸೆ ತೋರಿಸದೆ ಬಿಡುವುದಿಲ್ಲ. ಫೋರ್ಡ್‌ನಲ್ಲಿ ಎಫ್‌ಎಕ್ಸ್4, ಶೆವ್ರೊಲೆಯಲ್ಲಿ ಝಡ್71, ಟೊಯೊಟಾದಲ್ಲಿ ಟಿಆರ್‌ಡಿ ಆಫ್-ರೋಡ್. ಬೇರೆ ಬಗೆಯ ಶಾಕ್ ಅಬ್ಸಾರ್ಬರ್, ಗಾಡಿಯ ಅಡಿಭಾಗಕ್ಕೆ ರಕ್ಷಣೆಯ ತಗಡು, ಪಕ್ಕದಲ್ಲೊಂದು ಸ್ಟಿಕರ್, ಹೀಗೆ ಹಲವನ್ನು ಒಟ್ಟುಗೂಡಿಸಿ ಒಂದೇ ಬೆಲೆ ಹೇಳುತ್ತಾರೆ. ನನ್ನ ಮಟ್ಟಿಗೆ ಅಷ್ಟು ಹಣ ಕೊಡಲು ಯೋಗ್ಯವಾದದ್ದು ಒಂದೇ: ಹಿಂದಿನ ಆಕ್ಸಲ್‌ನೊಳಗೆ ಕಣ್ಣಿಗೆ ಬೀಳದೆ ಕೂತಿರುವ ಲಾಕರ್.

ಗಾಡಿ ತಿರುವು ತೆಗೆದುಕೊಳ್ಳುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆಂದೇ ಡಿಫರೆನ್ಷಿಯಲ್ ಇರುವುದು. ಅದು ಎರಡೂ ಚಕ್ರಗಳಿಗೆ ಬೇರೆ ಬೇರೆ ವೇಗ ಬಿಟ್ಟುಕೊಟ್ಟರೂ ತಿರುಗುಬಲವನ್ನು ಮಾತ್ರ ಸಮನಾಗಿಯೇ ಹಂಚುತ್ತದೆ. ತೊಡಕು ಶುರುವಾಗುವುದು ಇಲ್ಲೇ. ಎಡಚಕ್ರ ಕೆಸರಿಗಿಳಿದು, ಅಲ್ಲಿ ಹಿಡಿತ ಬರೀ 50 ನ್ಯೂಟನ್-ಮೀಟರಿನಷ್ಟು ಉಳಿಯಿತೆನ್ನಿ. ಗಟ್ಟಿ ಬಂಡೆಯ ಮೇಲಿರುವ ಬಲಚಕ್ರಕ್ಕೂ ಸಿಗುವುದು ಅದೇ 50! ಎಂಜಿನ್ ಎಷ್ಟೇ ದೊಡ್ಡದಿರಲಿ, ಎಡಚಕ್ರ ಗಿರ್ರನೆ ಸುತ್ತುತ್ತದೆ, ಟ್ರಕ್ ಅಲ್ಲಾಡುವುದಿಲ್ಲ. ಲಾಕರ್ ಎರಡೂ ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಆಗ ಬಂಡೆಯ ಹಿಡಿತವೆಲ್ಲ ಬಲಚಕ್ರಕ್ಕೆ ದಕ್ಕಿ ಗಾಡಿ ಮುಂದೆ ಸರಿಯುತ್ತದೆ.

ಇದನ್ನು ಆಮೇಲೆ ಹಾಕಿಸುವುದು ಸಣ್ಣ ಕೆಲಸವಲ್ಲ. ಆಕ್ಸಲ್ ಬಿಚ್ಚಬೇಕು, ಗೇರಿನ ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಹೊಂದಿಸಬೇಕು. ಅದು ತಪ್ಪಿದರೆ ಗೇರು ಸದ್ದು ಮಾಡುತ್ತಾ ಬೇಗ ಸವೆಯುತ್ತದೆ.

ಹಾಗೆಂದು ಎಲ್ಲರಿಗೂ ಲಾಕರ್ ಬೇಕಿಲ್ಲ. 2012ರ ಮಾದರಿಯಿಂದ ಅಮೆರಿಕದ ಎಲ್ಲ ಹಗುರ ವಾಹನಗಳಿಗೂ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಕಡ್ಡಾಯವಾಗಿದೆ. ಆ ವ್ಯವಸ್ಥೆ ಬಳಸುವ ಬ್ರೇಕು, ಸೆನ್ಸರುಗಳ ನೆರವಿನಿಂದಲೇ ಟ್ರಾಕ್ಷನ್ ಕಂಟ್ರೋಲ್ ಸುಮ್ಮನೆ ಸುತ್ತುವ ಚಕ್ರವನ್ನು ಹಿಡಿದು, ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹಿಮ ಬಿದ್ದ ರಸ್ತೆಗೆ, ಹೊಲದ ದಾರಿಗೆ ಇಷ್ಟು ಧಾರಾಳ ಸಾಕು. ಆದರೆ ಚಕ್ರ ಜಾರಿದ ಮೇಲಷ್ಟೇ ಅದು ಕೆಲಸಕ್ಕಿಳಿಯುವುದು. ಯೂಟಾ ರಾಜ್ಯದ ಮೋಆಬ್‌ನ ಬಂಡೆಗಳನ್ನು ಇಂಚಿಂಚಾಗಿ ಹತ್ತುವಾಗ ಆ ಮೊದಲ ಜಾರುವಿಕೆಯೇ ಅಪಾಯ.

ಶಾಕ್ ಅಬ್ಸಾರ್ಬರ್‌ಗಳ ಮಾತು ಬೇರೆ. ಕುಲುಕಾಟದ ಶಕ್ತಿಯನ್ನು ಅವು ಎಣ್ಣೆಯ ಬಿಸಿಯಾಗಿ ಮಾರ್ಪಡಿಸುತ್ತವೆ. ಅಲೆಅಲೆಯಾದ ಮಣ್ಣುರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಸಾಧಾರಣ ಶಾಕ್‌ನ ಎಣ್ಣೆ ನೊರೆಗಟ್ಟಿ ಸೋಲುತ್ತದೆ. ಒಳಗೆ ನೈಟ್ರೋಜನ್ ಒತ್ತಡವಿರುವ ಒಂಟಿ ಕೊಳವೆಯ ಶಾಕ್ ತಾಳಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಹಳೆಯದು ಸವೆದ ದಿನ ಅದನ್ನು ಯಾವ ಗ್ಯಾರೇಜಿನಲ್ಲಾದರೂ ಹಾಕಿಸಬಹುದು. ತಗಡು, ಟೈರುಗಳದ್ದೂ ಇದೇ ಕತೆ. ಸ್ಟಿಕರಿನ ಬಗ್ಗೆ ಹೇಳುವುದೇನೂ ಇಲ್ಲ.

ಲಾಕರ್‌ಗಾಗಿ ಇಡೀ ಪ್ಯಾಕೇಜನ್ನೇ ಕೊಳ್ಳಬೇಕೆಂದೂ ಇಲ್ಲ. ಶೆವ್ರೊಲೆಯ ಜಿ80 ಡಿಫರೆನ್ಷಿಯಲ್ ಝಡ್71 ಇಲ್ಲದೆಯೂ ಸಿಗುತ್ತ ಬಂದಿದೆ. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ಅಂತರ ಬಿದ್ದರೆ ಅದು ತಾನಾಗಿಯೇ ಬಿಗಿಯುತ್ತದೆ. ಫೋರ್ಡ್ ಎಫ್-150ರ ಹಲವು ವರ್ಷಗಳ ಮಾದರಿಗಳಲ್ಲೂ ಲಾಕರನ್ನು ಬಿಡಿಯಾಗಿ ಆರ್ಡರ್ ಮಾಡಬಹುದಿತ್ತು. ಡೀಲರು ಇದನ್ನು ತಾವಾಗಿ ಹೇಳದಿದ್ದರೆ, ಸಹಿ ಹಾಕುವ ಮುಂಚೆ ಕೇಳಿ.